ಈ ‘ಹುಡುಗ’ನ ವಯಸ್ಸೆಷ್ಟು, ಹೇಳಿ ನೋಡೋಣ!

ಬನ್ನಿ, ಒಂದು ಆಟ ಆಡೋಣ. ನಾನು ಸುಳಿವು ಕೊಡುತ್ತ ಹೋಗುತ್ತೇನೆ, ನೀವು ಊಹಿಸುತ್ತ ಬನ್ನಿ.

2011ರ ಏಪ್ರಿಲ್. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಊರು. ಬ್ಲೂಸ್ ಸಂಗೀತದ ಹಬ್ಬ. ಬೀದಿ ಬೀದಿಯಲ್ಲಿ ಗಿಟಾರ್! ಶಿಕಾಗೋದಿಂದ ಬಂದ ಒಬ್ಬ ವಾದಕ ಕುರ್ಚಿ ಎಳೆದುಕೊಂಡು ಕೂತಿದ್ದಾನೆ. ಬಾರಿಸುವುದೂ ಅವನೇ, ಹಾಡುವುದೂ ಅವನೇ.

ದಾಖಲೆಯಲ್ಲಿ ಹೆಸರು ಡೇವಿಡ್ ಎಡ್ವರ್ಡ್ಸ್. ಹಾಗಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ! ಲೋಕಕ್ಕೆಲ್ಲ ಅವನು ಹನಿಬಾಯ್. ಎದ್ದು ಬಿದ್ದು ನಡೆಯಲು ಕಲಿಯುತ್ತಿದ್ದಾಗ ಒಡಹುಟ್ಟಿದವಳು ಮುದ್ದಿಗೆ ಕರೆದ ಹೆಸರಂತೆ. ಅಂಟಿಕೊಂಡಿತು, ಮತ್ತೆ ಬಿಡಲೇ ಇಲ್ಲ!

ಈಗ ಹೇಳಿ. ಆ ದಿನ ಈ ‘ಹುಡುಗ’ನಿಗೆ ವಯಸ್ಸೆಷ್ಟು?

70? ಮೇಲೆ ಹೋಗಿ.

80? ಇನ್ನೂ ಮೇಲೆ!

90? ಊಹೂಂ, ಇನ್ನೂ ಸ್ವಲ್ಪ.

95! ಇನ್ನೆರಡು ತಿಂಗಳು ಕಳೆದರೆ 96!

(ಏಕವಚನದಲ್ಲಿ ಬರೆಯುತ್ತಿದ್ದೇನೆ ಎಂದು ಬೇಸರ ಬೇಡ. ತೊಂಬತ್ತಾರರ ಹೊಸ್ತಿಲಲ್ಲೂ ‘ಬಾಯ್’ ಆಗಿಯೇ ಉಳಿದವನಿಗೆ ಬಹುವಚನ ಹೊಂದುವುದೇ ಇಲ್ಲ.)

ವಯಸ್ಸು ಕೇಳಿ ಸುಸ್ತಾದಿರಾ? ತಾಳಿ. ಅದು ಬರೀ ಪೀಠಿಕೆ! ತೊಂಬತ್ತು ದಾಟಿದವರು ನಮ್ಮ ಊರುಗಳಲ್ಲೂ ಸಿಗುತ್ತಾರೆ. ಅಸಲಿ ಪ್ರಶ್ನೆ ಬೇರೆಯೇ ಇದೆ. ಈ ಮನುಷ್ಯ ಹರೆಯದಲ್ಲಿ ಯಾರ ಪಕ್ಕ ಕೂತು ಬಾರಿಸಿದ್ದ?

ರಾಬರ್ಟ್ ಜಾನ್ಸನ್ ಪಕ್ಕ!

ರಾಕ್ ಸಂಗೀತದ ಹುಚ್ಚಿರುವವರು ಇಷ್ಟು ಹೊತ್ತಿಗೆ ಕುರ್ಚಿಯಿಂದ ಎದ್ದು ನಿಂತಿರುತ್ತಾರೆ. ಉಳಿದವರಿಗೆ ಎರಡೇ ಮಾತು. ರಾಬರ್ಟ್ ಜಾನ್ಸನ್ ಎಂದರೆ ಡೆಲ್ಟಾ ಬ್ಲೂಸ್‌ನ ದಂತಕಥೆ. ಧ್ವನಿಮುದ್ರಿಸಿದ್ದು ಕೇವಲ 29 ಹಾಡು. ಸತ್ತಾಗ ವಯಸ್ಸು ಕೇವಲ 27. ಉಳಿದಿರುವ ಫೋಟೊಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದು! ಅವನು ತೀರಿಹೋಗಿ 66 ವರ್ಷಗಳಾದ ಮೇಲೆ, 2004ರಲ್ಲಿ, ಎರಿಕ್ ಕ್ಲಾಪ್ಟನ್‌ನಂಥ ಗಿಟಾರ್ ದೈತ್ಯ ಒಂದಿಡೀ ಆಲ್ಬಮ್ಮನ್ನು ಅವನ ಹಾಡುಗಳಿಗೇ ಮೀಸಲಿಟ್ಟ. ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದನಂತೆ ಎಂಬ ಕಥೆ ಕೇಳಿದ್ದೀರಲ್ಲ? ಆ ಕಥಾನಾಯಕ ಇವನೇ!

ಅಂಥವನ ಜೊತೆ ಊರೂರು ಅಲೆದ ಗೆಳೆಯ, ಸ್ಮಾರ್ಟ್‌ಫೋನ್ ಹಿಡಿದ ಜನರ ಮುಂದೆ ಕೂತು 2011ರಲ್ಲಿ ಗಿಟಾರ್ ಬಾರಿಸುತ್ತಿದ್ದ! ನನಗಂತೂ ಸೈತಾನನ ಕಥೆ ಇದರ ಮುಂದೆ ಸಪ್ಪೆ.

ಇನ್ನೂ ಇದೆ! ಜಾನ್ಸನ್‌ನ ‘ಲವ್ ಇನ್ ವೇನ್’ ಎಂಬ ಹಾಡಿನಲ್ಲಿ ಒಬ್ಬ ಹುಡುಗಿಯ ಹೆಸರು ಬರುತ್ತದೆ. ಯಾರಾಕೆ? ಹನಿಬಾಯ್‌ನ ಬಂಧುಬಳಗದ ಹುಡುಗಿ, ಕಸಿನ್!

ಈಗ ಸ್ವಲ್ಪ ಹಿಂದೆ ಹೋಗೋಣ. ಡೆಲ್ಟಾ ಎಂದರೆ ನದಿ ಸಮುದ್ರ ಸೇರುವ ಜಾಗ ಎಂದುಕೊಂಡಿರಾ? ಅಲ್ಲ! ಮಿಸಿಸಿಪ್ಪಿ ಡೆಲ್ಟಾದಿಂದ ಸಮುದ್ರ ಬಹಳ ದೂರ. ಮಿಸಿಸಿಪ್ಪಿ ಮತ್ತು ಯಾಝೂ ನದಿಗಳ ನಡುವೆ ಹಾಸಿಕೊಂಡ ಚಪ್ಪಟೆ ಎರೆ ನೆಲ ಅದು. ಕಣ್ಣು ಹಾಯಿಸಿದಷ್ಟೂ ಹತ್ತಿ! ಅಲ್ಲಿನ ಷಾ ಎಂಬ ಊರಿನಲ್ಲಿ 1915ರ ಜೂನ್ 28ರಂದು ಹನಿಬಾಯ್ ಹುಟ್ಟಿದ. ಧಣಿಯ ಹೊಲವನ್ನು ಪಾಲಿಗೆ ಮಾಡುವ ಮನೆ. ದುಡಿದಷ್ಟೂ ಸಾಲ. ಆದರೆ ಅಪ್ಪನಿಗೆ ಗಿಟಾರ್ ಬರುತ್ತಿತ್ತು, ಪಿಟೀಲೂ ಬರುತ್ತಿತ್ತು. ಅಮ್ಮನೂ ಗಿಟಾರ್ ಹಿಡಿಯುತ್ತಿದ್ದಳು!

1929. ಗ್ರೀನ್‌ವುಡ್ ಹತ್ತಿರದ ತೋಟಕ್ಕೆ ಹತ್ತಿ ಬಿಡಿಸಲು ದೂರದಿಂದ ಕೂಲಿಯಾಳುಗಳು ಬಂದರು. ಅವರ ನಡುವೆ ಯಾರಿದ್ದ ಗೊತ್ತೆ? ಟಾಮಿ ಜಾನ್ಸನ್! ಅಷ್ಟು ಹೊತ್ತಿಗಾಗಲೇ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡಿದ್ದವನು! ಹಗಲೆಲ್ಲ ಹತ್ತಿ ಬಿಡಿಸುವುದು, ರಾತ್ರಿ ಹಾಡುವುದು. ಹದಿನಾಲ್ಕರ ಹುಡುಗ ಕಣ್ಣು ಮಿಟುಕಿಸದೆ ಅವನ ಬೆರಳುಗಳನ್ನೇ ನೋಡಿದ. ಮುಗಿಯಿತು! ಹೊಲದಿಂದ ಅವನ ಮನಸ್ಸು ಕಿತ್ತುಕೊಂಡು ಬಂತು.

ಆಮೇಲೆ ಬಂದವನು ಬಿಗ್ ಜೋ ವಿಲಿಯಮ್ಸ್, ಅಲೆಮಾರಿ ಗಾಯಕ. ಮೀಸೆ ಸರಿಯಾಗಿ ಮೂಡದ ಹನಿಬಾಯ್ ಅವನ ಬೆನ್ನು ಹಿಡಿದು ಮನೆ ಬಿಟ್ಟ. ಸ್ವಲ್ಪ ಕಾಲದ ಮೇಲೆ ಗುರುವನ್ನೂ ಬಿಟ್ಟ. ಇನ್ನು ಗೂಡ್ಸ್ ರೈಲೇ ವಾಹನ. ಟಿಕೆಟ್? ಎಲ್ಲಿಯ ಟಿಕೆಟ್! ಓಡುವ ಬೋಗಿಗೆ ಜಿಗಿಯುವುದು, ಊರು ಬಂದರೆ ಇಳಿಯುವುದು, ಬೀದಿಯ ಮೂಲೆಯಲ್ಲಿ ನಿಂತು ಬಾರಿಸುವುದು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಕಾಲದ ಹನಿಬಾಯ್‌ನ ಒಂದು ದಿನ ಹೇಗಿರುತ್ತಿತ್ತು, ಊಹಿಸಬಲ್ಲಿರಾ? ಬೆಳಗ್ಗೆ ಎದ್ದು ಸಾಧನೆ? ಮಧ್ಯಾಹ್ನ ಪೇಟೆ ಸುತ್ತಾಟ? ಅಲ್ಲವೇ ಅಲ್ಲ!

ಹಗಲು ಅವನು ಅಡಗಿರುತ್ತಿದ್ದ!

ಕಾರಣ ಕೇಳಿದರೆ ಹೊಟ್ಟೆ ಚುರ್ ಎನ್ನುತ್ತದೆ. ಕೆಲಸದ ಹೊತ್ತಿನಲ್ಲಿ ಕಪ್ಪು ಯುವಕನೊಬ್ಬ ಕೈಬೀಸಿಕೊಂಡು ಬೀದಿಯಲ್ಲಿ ಕಂಡರೆ ಶೆರಿಫ್ ಹಿಡಿದು ಒಳಗೆ ಹಾಕುತ್ತಿದ್ದ. ಅಪರಾಧ? ಅಲೆಮಾರಿತನ! ಶಿಕ್ಷೆ? ಬಿಟ್ಟಿ ದುಡಿತ! ಧಣಿಗಳಿಗೆ ಹತ್ತಿ ಬಿಡಿಸಲು ಕೈ ಬೇಕಿತ್ತು, ಕಾನೂನು ಆ ಕೈಗಳನ್ನು ಒದಗಿಸುತ್ತಿತ್ತು. ಹನಿಬಾಯ್ ಕೂಡ ಸಿಕ್ಕಿಬಿದ್ದು ಕಂಬಿ ಎಣಿಸಿ ಬಂದವನೇ. ಹಾಗಾಗಿ ಸಂಜೆ ಹೊಲದ ಕೆಲಸ ಮುಗಿಯುವ ತನಕ ಬಾಗಿಲು ಹಾಕಿಕೊಂಡು ಒಳಗಿರುವುದು. ಆಮೇಲೆ ಗಿಟಾರ್ ಹೆಗಲಿಗೇರಿಸಿ ಹೊರಡುವುದು!

ಎಲ್ಲಿಗೆ? ಜೂಕ್ ಜಾಯಿಂಟ್‌ಗೆ. ಹಲಗೆ ಬಡಿದು ನಿಲ್ಲಿಸಿದ ಮನೆ. ಕರಿದ ಮೀನಿನ ವಾಸನೆ. ಒಂದು ಮೂಲೆಯಲ್ಲಿ ದಾಳದ ಜೂಜು, ಇನ್ನೊಂದರಲ್ಲಿ ಕಳ್ಳಭಟ್ಟಿ. ಕಳ್ಳಭಟ್ಟಿಯೇ ಯಾಕೆ? ಅಮೆರಿಕಕ್ಕೆ ಅಮೆರಿಕವೇ ಪಾನನಿಷೇಧ ಕೈಬಿಟ್ಟ ಮೇಲೂ ಮಿಸಿಸಿಪ್ಪಿ ಬಿಡಲಿಲ್ಲ. ಎಲ್ಲಿಯವರೆಗೆ? 1966ರವರೆಗೆ! ವಾರವಿಡೀ ಬೆನ್ನು ಬಗ್ಗಿಸಿ ದುಡಿದವರು ಶನಿವಾರ ರಾತ್ರಿ ಅಲ್ಲಿ ನೆಲ ಅದುರುವಂತೆ ಕುಣಿಯುತ್ತಿದ್ದರು. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಒಬ್ಬ ಮನುಷ್ಯ, ಒಂದು ಮರದ ಪೆಟ್ಟಿಗೆ, ಆರು ತಂತಿ. ಅಷ್ಟರಲ್ಲೇ ಇಡೀ ಮನೆ ಕುಣಿಯಬೇಕು!

ಹೇಗೆ ಸಾಧ್ಯ? ಅವನ ಕೈಗಳನ್ನೇ ಹತ್ತಿರದಿಂದ ನೋಡೋಣ.

ಬಲಗೈ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ದಂ ದಂ ಎಂದು ಹೊಡೆಯುತ್ತಿರುತ್ತದೆ. ಅದೇ ಡ್ರಮ್! ಉಳಿದ ಬೆರಳುಗಳು ಸಣ್ಣ ತಂತಿಗಳನ್ನು ಕೀಳುತ್ತವೆ. ಎಡಗೈಯ ಒಂದು ಬೆರಳಿಗೆ ಸ್ಲೈಡ್ ಎಂಬ ಲೋಹದ ಕೊಳವೆ. ಹಳಬರು ಒಡೆದ ಬಾಟಲಿಯ ಕತ್ತನ್ನೇ ನಯ ಮಾಡಿ ತೊಡುತ್ತಿದ್ದರು! ಗಿಟಾರಿನ ಕತ್ತಿನಲ್ಲಿ ಅಡ್ಡಪಟ್ಟಿಗಳಿರುತ್ತವಲ್ಲ, ಸ್ವರವನ್ನು ಒಂದೊಂದು ಮನೆಯಲ್ಲಿ ಕೂರಿಸುವ ಪಟ್ಟಿಗಳು? ಕೊಳವೆ ಅವುಗಳನ್ನು ಕೇಳುವುದೇ ಇಲ್ಲ! ತಂತಿಯ ಮೇಲೆ ಜಾರುತ್ತದೆ. ಎರಡು ಸ್ವರಗಳ ನಡುವಿನ ಸಂದಿಯಲ್ಲಿ ನಿಲ್ಲುತ್ತದೆ, ನಡುಗುತ್ತದೆ, ಬಿಕ್ಕುತ್ತದೆ. ಹಾಡುವವನು ಸಾಲು ಹಾಡಿ ಬಾಯಿ ಮುಚ್ಚಿದರೆ, ಉಳಿದ ಅರ್ಧವನ್ನು ತಂತಿ ಹೇಳಿ ಮುಗಿಸುತ್ತದೆ!

ಗಮಕ ಕೇಳಿ ಬೆಳೆದ ನಿಮ್ಮ ಕಿವಿ ಈಗಾಗಲೇ ನೆಟ್ಟಗಾಗಿರಬೇಕು. ನಮ್ಮ ಗೋಟುವಾದ್ಯದಲ್ಲಂತೂ ಆ ಪಟ್ಟಿಗಳೇ ಇಲ್ಲ, ಅಲ್ಲೂ ತಂತಿಯ ಮೇಲೆ ಜಾರುವುದೇ ವಿದ್ಯೆ! ಇವೆರಡೂ ಎಂದಾದರೂ ಭೇಟಿಯಾಗಿದ್ದವೇ? ಆಗಿದ್ದವು! 1995ರಲ್ಲಿ ಅಮೆರಿಕದ ಬ್ಲೂಸ್ ಗಾಯಕ ತಾಜ್ ಮಹಲ್ (ಹೌದು, ಹೆಸರೇ ಅದು!), ಮೋಹನ ವೀಣೆಯ ವಿಶ್ವಮೋಹನ ಭಟ್ ಮತ್ತು ನಮ್ಮ ಮೈಸೂರಿನಲ್ಲೇ ಹುಟ್ಟಿದ ಚಿತ್ರವೀಣೆ (ಗೋಟುವಾದ್ಯದ್ದೇ ಇನ್ನೊಂದು ಹೆಸರು) ವಾದಕ ಎನ್. ರವಿಕಿರಣ್ ಸೇರಿ ‘ಮುಮ್ತಾಜ್ ಮಹಲ್’ ಎಂಬ ಆಲ್ಬಮ್ ಮಾಡಿದರು. ಅದರಲ್ಲಿ ‘ಕಮ್ ಆನ್ ಇನ್ ಮೈ ಕಿಚನ್’ ಎಂಬ ಹಾಡಿದೆ. ಯಾರದು ಹೇಳಿ? ಹನಿಬಾಯ್‌ನ ಗೆಳೆಯನದೇ! ರಾಬರ್ಟ್ ಜಾನ್ಸನ್‌ನದು!

ಹನಿಬಾಯ್‌ದು ಇನ್ನೊಂದು ಚೇಷ್ಟೆ. ಪುಸ್ತಕದ ಲೆಕ್ಕದಲ್ಲಿ ಬ್ಲೂಸ್‌ನ ಒಂದು ಸುತ್ತಿಗೆ 12 ಬಾರ್, ಅಂದರೆ ತಾಳದ 12 ಖಂಡ. ಡೆಲ್ಟಾದ ಹಳಬರಿಗೆ ಆ ಲೆಕ್ಕ ಯಾರು ಹೇಳಿದ್ದರು! ಮನಸ್ಸು ಬಂದರೆ ಹನ್ನೊಂದೂವರೆಗೇ ತಿರುವು, ಇಲ್ಲವಾದರೆ ಹದಿಮೂರು! ಹನಿಬಾಯ್ ಕೊನೆಯವರೆಗೂ ಹಾಗೆಯೇ. ಡ್ರಮ್ ಹಿಡಿದು ಜೊತೆಗೆ ಕೂತವರ ಪಾಡು ದೇವರಿಗೇ ಪ್ರೀತಿ. ಒಬ್ಬನೇ ಕೂತಾಗ ಮಾತ್ರ ಅದು ತಪ್ಪಲ್ಲ, ಅದೇ ಸೊಗಸು. ನಾನಂತೂ ಅವನನ್ನು ಒಂಟಿಯಾಗಿಯೇ ಕೇಳಲು ಬಯಸುವವನು.

ಸರಿ, ಈಗ ಆ ರಾತ್ರಿಗೆ ಬರೋಣ. ಉಸಿರು ಬಿಗಿ ಹಿಡಿಯಿರಿ.

1938ರ ಆಗಸ್ಟ್. ಗ್ರೀನ್‌ವುಡ್ ಬಳಿಯ ಥ್ರೀ ಫೋರ್ಕ್ಸ್ ಎಂಬಲ್ಲಿನ ಜೂಕ್ ಜಾಯಿಂಟ್. ಅಂದು ರಾಬರ್ಟ್ ಜಾನ್ಸನ್‌ನ ಕಛೇರಿ. ಜಾನ್ಸನ್‌ಗೆ ಆ ಜಾಗದ ಮಾಲೀಕನ ಹೆಂಡತಿಯ ಮೇಲೆ ಕಣ್ಣು ಬಿದ್ದಿತ್ತಂತೆ. ಯಾರೋ ತಂದುಕೊಟ್ಟ ವಿಸ್ಕಿಯಲ್ಲಿ ವಿಷವಿತ್ತಂತೆ. ಹನಿಬಾಯ್ ಅಲ್ಲಿಗೆ ತಲುಪಿದಾಗ ಗೆಳೆಯನ ಮುಖ ಬಾಡಿತ್ತು. ಜನ ಬಾರಿಸು ಬಾರಿಸು ಎಂದು ಪೀಡಿಸುತ್ತಿದ್ದರು. ಅವನಿಂದ ಆಗಲಿಲ್ಲ. ಹನಿಬಾಯ್ ತನ್ನ ಬಾಳಿನುದ್ದಕ್ಕೂ ಹೇಳುತ್ತ ಬಂದ ವೃತ್ತಾಂತವಿದು. ಆಗಸ್ಟ್ 16ರಂದು ಜಾನ್ಸನ್ ಇಲ್ಲವಾದ. ಹನಿಬಾಯ್‌ಗೆ ಆಗ 23.

ಮರಣಪತ್ರದಲ್ಲಿ ಸಾವಿನ ಕಾರಣ ಬರೆಯುವ ಜಾಗದಲ್ಲಿ ಏನಿತ್ತು, ಹೇಳಿ? ವೈದ್ಯರಿರಲಿಲ್ಲ ಎಂದಷ್ಟೇ! ಆ ಕಾಗದ ಸಂಶೋಧಕರ ಕೈಗೆ ಸಿಕ್ಕಿದ್ದೇ 30 ವರ್ಷದ ಮೇಲೆ, 1968ರಲ್ಲಿ. ಇನ್ನು ಸಮಾಧಿ? ಒಂದಲ್ಲ, ಮೂರು ಕಡೆ ಇದೆ! ಮೂರು ಚರ್ಚುಗಳ ಹಿತ್ತಿಲಲ್ಲಿ ಮೂರು ಕಲ್ಲು, ಮೂರರ ಮೇಲೂ ಅದೇ ಹೆಸರು!

ಸಾವಿನ ಸುದ್ದಿ ಎಷ್ಟು ನಿಧಾನ ಹರಡಿತೆಂದರೆ, ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನ ದೊಡ್ಡ ಕಛೇರಿಗೆಂದು ಜಾನ್ಸನ್‌ನನ್ನು ಹುಡುಕಿಸಿದರು. ಸತ್ತುಹೋಗಿದ್ದಾನೆ ಎಂದು ತಿಳಿದ ಮೇಲೆ ವೇದಿಕೆಯ ಮೇಲೆ ಅವನ ಗ್ರಾಮಫೋನ್ ತಟ್ಟೆಯನ್ನೇ ನುಡಿಸಿದರು!

ಹುಡುಕುವವರ ಸಾಲಿನಲ್ಲಿ ಅಲನ್ ಲೋಮ್ಯಾಕ್ಸ್ ಕೂಡ ಇದ್ದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಜನಪದ ಹಾಡುಗಳನ್ನು ಮುದ್ರಿಸಿಕೊಳ್ಳಲು ಯಂತ್ರ ಹೊತ್ತು ತಿರುಗುತ್ತಿದ್ದವನು. 1942ರ ಜುಲೈಯಲ್ಲಿ ಅವನಿಗೆ ಹನಿಬಾಯ್ ಸಿಕ್ಕ. ಕೂರಿಸಿದ, ಹಾಡಿಸಿದ. ಒಂದಲ್ಲ ಎರಡಲ್ಲ, ತಟ್ಟೆಗಳ 15 ಮಗ್ಗುಲು ತುಂಬಿದವು! ಹನಿಬಾಯ್‌ಗೆ ಆಗ ಎಷ್ಟು ವಯಸ್ಸು ಲೆಕ್ಕ ಹಾಕಿದಿರಾ? 27! ಜಾನ್ಸನ್ ಸತ್ತ ವಯಸ್ಸು!

ಇನ್ನೇನು, ಹೆಸರು ಬಂತು, ದುಡ್ಡು ಬಂತು ಎಂದುಕೊಳ್ಳುತ್ತಿದ್ದೀರಿ ತಾನೆ?

ಏನೂ ಬರಲಿಲ್ಲ! ತಟ್ಟೆಗಳು ವಾಷಿಂಗ್ಟನ್ನಿನ ಕಪಾಟು ಸೇರಿದವು. ಹನಿಬಾಯ್ ಮತ್ತೆ ರಸ್ತೆಗೆ ಬಂದ. ಅಂಗಡಿಯಲ್ಲಿ ಮಾರುವ ಮೊದಲ ತಟ್ಟೆ ಹೊರಬಂದದ್ದು 1951ರಲ್ಲಿ. ಅದರ ಮೇಲೂ ಅವನ ಪೂರ್ತಿ ಹೆಸರಿಲ್ಲ, ‘ಮಿಸ್ಟರ್ ಹನಿ’! 1953ರಲ್ಲಿ ಶಿಕಾಗೋದ ಹೆಸರಾಂತ ಚೆಸ್ ಕಂಪನಿಗೆ ಹಾಡಿದ. ಅವರು ಆ ಮುದ್ರಿಕೆಯನ್ನು ವರ್ಷಗಟ್ಟಲೆ ಬಿಡುಗಡೆಯೇ ಮಾಡಲಿಲ್ಲ! ಅವನಂತೆಯೇ ಲೋಮ್ಯಾಕ್ಸ್ ಯಂತ್ರದ ಮುಂದೆ ಹಾಡಿದ್ದ ಮಡ್ಡಿ ವಾಟರ್ಸ್ ಶಿಕಾಗೋಗೆ ಹೋಗಿ ಎಲೆಕ್ಟ್ರಿಕ್ ಬ್ಲೂಸ್‌ನ ದೊರೆಯಾದ. ಹನಿಬಾಯ್? ಅದೇ ಶಿಕಾಗೋದಲ್ಲಿ ಕಟ್ಟಡ ಕೆಲಸ, ಕಾರ್ಖಾನೆ ಕೆಲಸ. ರಾತ್ರಿಯಾದರೆ ಗಿಟಾರ್.

ಬಿಟ್ಟನೇ? ಬಿಡಲಿಲ್ಲ! ನನ್ನನ್ನು ಬೆರಗಾಗಿಸುವುದು ಇದೇ. ಚಪ್ಪಾಳೆ ಸಿಕ್ಕವರು ಬಾರಿಸುವುದು ದೊಡ್ಡದಲ್ಲ. ಯಾರೂ ಕೇಳದಿದ್ದಾಗ ಒಬ್ಬ ಮನುಷ್ಯ ಎಷ್ಟು ವರ್ಷ ಬಾರಿಸಬಲ್ಲ? ಹತ್ತು? ಇಪ್ಪತ್ತು? ಇವನು ಮೂವತ್ತು ವರ್ಷ ಹಾಗೆಯೇ ತಳ್ಳಿದ!

1972ರಲ್ಲಿ ಮೈಕಲ್ ಫ್ರ್ಯಾಂಕ್ ಎಂಬ ತರುಣ ಗೆಳೆಯನಾದ. ಬ್ಲೂಸ್ ಹುಚ್ಚ, ಹಾರ್ಮೋನಿಕಾ ನುಡಿಸುವವನು. 1976ರಿಂದ ಇಬ್ಬರೂ ಸೇರಿ ಕಛೇರಿ ಕೊಡತೊಡಗಿದರು. ಆಮೇಲೆ ಫ್ರ್ಯಾಂಕ್ ಇಯರ್‌ವಿಗ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನೇ ಕಟ್ಟಿದ. ಹನಿಬಾಯ್‌ಗೆ ಮ್ಯಾನೇಜರ್ ಕೂಡ ಆದ. ಎಷ್ಟು ವರ್ಷ? ಕೊನೆಯ ಉಸಿರಿನ ತನಕ!

1990ರಲ್ಲಿ ರಾಬರ್ಟ್ ಜಾನ್ಸನ್‌ನ ಎಲ್ಲ ಮುದ್ರಿಕೆಗಳು ಒಂದೇ ಪೆಟ್ಟಿಗೆಯಲ್ಲಿ ಬಿಡುಗಡೆಯಾದವು. ಹಳೆಯ ಸದ್ದಿನ ಆ ಹಾಡುಗಳು ಹತ್ತಿಪ್ಪತ್ತು ಸಾವಿರ ಮಾರಿದರೆ ಹೆಚ್ಚು ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ಎಷ್ಟು ಮಾರಾಟವಾಯಿತು ಗೊತ್ತೆ? ಹತ್ತು ಲಕ್ಷಕ್ಕೂ ಮೀರಿ! ಜಗತ್ತಿಗೆ ಇದ್ದಕ್ಕಿದ್ದಂತೆ ಜಾನ್ಸನ್ ಬೇಕಾದ. ಅವನನ್ನು ಕಣ್ಣಾರೆ ಕಂಡವರು ಯಾರಿದ್ದಾರೆ? ಪಕ್ಕದಲ್ಲಿ ಕೂತು ಬಾರಿಸಿದವರು ಯಾರಿದ್ದಾರೆ? ಕ್ಯಾಮೆರಾಗಳು ಹನಿಬಾಯ್‌ನ ಮನೆ ಹುಡುಕಿಕೊಂಡು ಬಂದವು!

ಬಂದವರಿಗೆ ಅವನು ಜಾನ್ಸನ್ ಕಥೆ ಹೇಳಿದ. ಕೇಳಿದಷ್ಟೂ ಸಲ ಹೇಳಿದ. ಆಮೇಲೆ ಗಿಟಾರ್ ಎತ್ತಿಕೊಂಡು ತನ್ನ ಕಛೇರಿಗೆ ಹೊರಟ! ಎಂಬತ್ತರ ನಂತರವೂ ಅಮೆರಿಕದ ಉದ್ದಗಲ ತಿರುಗಾಟ, ಯುರೋಪಿಗೂ ಪಯಣ. 1997ರಲ್ಲಿ ಆತ್ಮಕಥೆ. 2002ರಲ್ಲಿ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್, ಜನಪದ ಕಲಾವಿದರಿಗೆ ಅಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ. 2007ರಲ್ಲಿ ‘ವಾಕ್ ಹಾರ್ಡ್’ ಎಂಬ ಹಾಲಿವುಡ್ ಹಾಸ್ಯಚಿತ್ರದಲ್ಲಿ ಮುಖ ತೋರಿಸಿದ್ದೂ ಆಯಿತು!

2004ರ ಅಕ್ಟೋಬರ್, ಡಲ್ಲಾಸ್ ನಗರ. ಒಂದೇ ಕಛೇರಿಯಲ್ಲಿ ನಾಲ್ವರು. ಹೆನ್ರಿ ಟೌನ್‌ಸೆಂಡ್, ಪಿಯಾನೊದ ಪೈನ್‌ಟಾಪ್ ಪರ್ಕಿನ್ಸ್, ಸ್ವತಃ ಜಾನ್ಸನ್ ಕೈಯಲ್ಲೇ ಗಿಟಾರ್ ಕಲಿತ ರಾಬರ್ಟ್ ಲಾಕ್‌ವುಡ್ ಜೂನಿಯರ್, ನಮ್ಮ ಹನಿಬಾಯ್. ನಾಲ್ವರ ವಯಸ್ಸು ಕೂಡಿಸಿದರೆ ಎಷ್ಟಾಗುತ್ತದೆ, ಹೇಳಿ? ಮುನ್ನೂರು?

360 ದಾಟುತ್ತದೆ! ನಾಲ್ವರಲ್ಲಿ ಹನಿಬಾಯ್, ಲಾಕ್‌ವುಡ್ ಇಬ್ಬರೇ ‘ಚಿಕ್ಕವರು’. ಇಬ್ಬರಿಗೂ 89!

ಆ ಕಛೇರಿಯ ಮುದ್ರಿಕೆಗೆ 2008ರಲ್ಲಿ ಗ್ರ್ಯಾಮಿ ಬಂತು. 92ರ ಹನಿಬಾಯ್‌ಗೆ ಗ್ರ್ಯಾಮಿ! ಪ್ರಶಸ್ತಿ ಬರುವ ಹೊತ್ತಿಗೆ ಟೌನ್‌ಸೆಂಡ್ ಇರಲಿಲ್ಲ, ಲಾಕ್‌ವುಡ್ ಇರಲಿಲ್ಲ. 2010ರಲ್ಲಿ ಹನಿಬಾಯ್‌ಗೆ ಜೀವಮಾನ ಸಾಧನೆಯ ಗ್ರ್ಯಾಮಿಯೂ ಬಂತು. ಅಷ್ಟಾದ ಮೇಲಾದರೂ ಮನೆಯಲ್ಲಿ ಕಾಲು ಚಾಚಿ ಕೂರಬಹುದಿತ್ತಲ್ಲ? ಕೂರಲಿಲ್ಲ! ಮರುವರ್ಷ ಏಪ್ರಿಲ್‌ನಲ್ಲಿ ಕ್ಲಾರ್ಕ್ಸ್‌ಡೇಲ್‌ಗೆ ಹೊರಟ.

ಆ ಕ್ಲಾರ್ಕ್ಸ್‌ಡೇಲ್ ಬಗ್ಗೆ ಒಂದು ಗುಟ್ಟನ್ನು ಇಷ್ಟು ಹೊತ್ತು ಬೇಕೆಂದೇ ಮುಚ್ಚಿಟ್ಟಿದ್ದೆ. 1942ರಲ್ಲಿ ಲೋಮ್ಯಾಕ್ಸ್ ಯಂತ್ರ ಹೂಡಿ ಅವನನ್ನು ಹಾಡಿಸಿದನಲ್ಲ, ಅದು ಯಾವ ಊರಲ್ಲಿ?

ಅದೇ ಕ್ಲಾರ್ಕ್ಸ್‌ಡೇಲ್‌ನಲ್ಲಿ! ನಡುವೆ 69 ವರ್ಷ!

ಆ ಏಪ್ರಿಲ್ 16 ಮತ್ತು 17ರ ಕಛೇರಿಗಳೇ ಅವನ ಕೊನೆಯವು. ಜುಲೈಯಲ್ಲಿ ಆರೋಗ್ಯ ಸರಿಯಿಲ್ಲ, ಇನ್ನು ಹಾಡುವುದಿಲ್ಲ ಎಂದು ಫ್ರ್ಯಾಂಕ್ ಪ್ರಕಟಿಸಿದ. 96ಕ್ಕೆ ನಿವೃತ್ತಿ! ಆಗಸ್ಟ್ 29ರ ಬೆಳಗಿನ ಜಾವ ಮೂರರ ಸುಮಾರಿಗೆ ಶಿಕಾಗೋದ ಮನೆಯಲ್ಲಿ ಹನಿಬಾಯ್ ತೀರಿಕೊಂಡ. ಅದೇ ದಿನದ ನಗರದ ಕಾರ್ಯಕ್ರಮ ಪಟ್ಟಿ ತೆರೆದವರಿಗೆ ಏನು ಕಂಡಿತು ಗೊತ್ತೆ? ಮಿಲೆನಿಯಂ ಪಾರ್ಕ್, ಮಧ್ಯಾಹ್ನ 12 ಗಂಟೆ, ಹನಿಬಾಯ್ ಎಡ್ವರ್ಡ್ಸ್!

ಕೇಳಬೇಕೆನಿಸುತ್ತಿದೆಯೇ? ಎಲ್ಲಿಂದ ಶುರು ಮಾಡಬೇಕೆಂದು ನನಗೆ ಯಾವ ಅನುಮಾನವೂ ಇಲ್ಲ. ‘ಡೆಲ್ಟಾ ಬ್ಲೂಸ್‌ಮನ್’ ಹುಡುಕಿ. 1992ರಲ್ಲಿ ಇಯರ್‌ವಿಗ್ ಹೊರತಂದ ಆಲ್ಬಮ್. ವಾಷಿಂಗ್ಟನ್ನಿನ ಕಪಾಟು ಸೇರಿದ್ದ ಆ 1942ರ ಹಾಡುಗಳು 50 ವರ್ಷದ ಮೇಲೆ ಇದರಲ್ಲಿವೆ! ಜೊತೆಗೆ ಮುದುಕನಾದ ಮೇಲೆ ಹಾಡಿದವೂ ಇವೆ. ಒಂದೇ ತಟ್ಟೆಯಲ್ಲಿ 27ರ ಹನಿಬಾಯ್, ತಲೆ ನರೆತ ಹನಿಬಾಯ್! ಹಳೆಯ ಮುದ್ರಿಕೆಯ ಗರಗರ ಸದ್ದು ಸುಳಿವು ಕೊಟ್ಟುಬಿಡುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕಣ್ಣು ಮುಚ್ಚಿ ಆ ಬಲಗೈ ಹೆಬ್ಬೆರಳನ್ನು ಮಾತ್ರ ಕೇಳಿಸಿಕೊಳ್ಳಿ. ಯಾವುದು ಹುಡುಗನದು, ಯಾವುದು ಅಜ್ಜನದು? ಹೇಳಿಬಿಡಿ ನೋಡೋಣ!